ಉದ್ಯಮ ವಿಶಾರದ ಭೂತಪ್ಪನವರ ಸೋಡಾ ಅಂಗಡಿ

ಹೊಸನಗರದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಹನ್ನೊಂದು ವರ್ಷಗಳಿಂದ ಗೋಲಿ ಸೋಡಾ ತಯಾರಿಸಿ ಮಾರುತ್ತಿದ್ದ ಭೂತಪ್ಪನವರು ಉದ್ಯಮಿ ಅಲ್ಲ ಎಂಬುದು ೧೯೭೯ನೆಯ ಇಸವಿ ಜೂನ್ ತಿಂಗಳ ನಾಲ್ಕನೆಯ ತಾರೀಖು, ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲು ಗಂಟೆಗೆ ಅಧಿಕೃತವಾಗಿ ಖಚಿತವಾಯಿತು.

ಖಚಿತಪಡಿಸಿದವರು ಸಾಗರದಲ್ಲಿದ್ದ ಮಲೆನಾಡು ಕಿರು ಉದ್ಯಮ ಪ್ರೋತ್ಸಾಹ ಮಂಡಳಿಯ ವಿಸ್ತರಣಾಧಿಕಾರಿ ಜಯಪ್ಪನವರು. ಭೂತಪ್ಪನವರು ಅಲ್ಲಿಗೆ ಹೋಗಿದ್ದು ಮೂರೂವರೆ ಸಾವಿರ ರೂಪಾಯಿ ಸಾಲ ಕೇಳಲು.

"ಸಾಲ ಎಂತಕ್ಕೆ?" ಎಂದು ಜಯಪ್ಪನವರು ಕೇಳಿದರು.

"ಇನ್ನೊಂದು ಮಿಷನ್ ಹಾಕ್ಬೇಕು ಸಾರ್. ಬೇಸಿಗೇಲಿ ಒಂದ್ರಲ್ಲಿ ಪೂರೈಸಲ್ಲ. ಜನ ಬಾಯಾರ್ಕೆಲೇ ಬಸ್ ಹತ್ತಿ ಹೋಗ್ತಾರೆ."

"ನೀವು ಉದ್ಯಮಿನಾ?"

"ನಾನು ಸೋಡಾ ಮಾಡ್ತೀನಿ ಸಾರ್."

"ಅದು ನೀವು ಮಾಡೋದು. ನೀವು ಉದ್ಯಮಿ ಅನ್ನೋದಕ್ಕೆ ಕಾಗದ ಎಂತ ಇದೆ?"

ಭೂತಪ್ಪನವರು ಪಂಚಾಯ್ತಿಯ ಲೈಸೆನ್ಸನ್ನು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಜಯಪ್ಪನವರು ಅದನ್ನು ಎರಡೂ ಬದಿ ನೋಡಿ ವಾಪಸು ಕೊಟ್ಟರು.

"ಇದು ಅಂಗಡಿಗೆ ಕೊಟ್ಟಿದ್ದು. ನಿಮ್ಮ ಅಂಗಡಿ ಉದ್ಯಮ ಹೌದು. ನೀವು ಉದ್ಯಮಿ ಅಲ್ಲ."

ಮಂಡಳಿಯ ನಿಯಮ ಏಳು, ಉಪನಿಯಮ 'ಆ' ಪ್ರಕಾರ, ಆ ವರ್ಷದ ಏಪ್ರಿಲ್‌ನಿಂದ ಸಾಲ ಸಿಗುತ್ತಿದ್ದುದು 'ಉದ್ಯಮ ವಿಶಾರದ' ಪದವಿ ಪಡೆದವರಿಗೆ ಮಾತ್ರ. ಪದವಿ ಕೊಡುವ ಮಲೆನಾಡು ಉದ್ಯಮಶೀಲತಾ ವಿದ್ಯಾಪೀಠವು ಸಾರ್ವಜನಿಕರ ಅನುಕೂಲಕ್ಕೆಂದು ಅದೇ ಕಟ್ಟಡದ ಮಹಡಿಯ ಮೇಲೆ ಇತ್ತು. ಭೂತಪ್ಪನವರು ಮೆಟ್ಟಿಲು ಹತ್ತಿದರು.

ವಿದ್ಯಾಪೀಠದ ಪ್ರಾಂಶುಪಾಲ ಸೀತಾರಾಮಪ್ಪನವರು ಮೂವತ್ತಮೂರು ವರ್ಷ ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ಉದ್ಯಮದ ಬಗ್ಗೆ ಅವರಿಗೆ ಯಾವ ಪೂರ್ವಗ್ರಹವೂ ಇರಲಿಲ್ಲ, ಏಕೆಂದರೆ ಅದನ್ನು ಅವರು ಮಾಡಿರಲಿಲ್ಲ. ಅವರು ಭೂತಪ್ಪನವರಿಗೆ ಹಳದಿ ರಟ್ಟಿನ ಒಂದು ಕೈಪಿಡಿ ಕೊಟ್ಟು ಎರಡು ರೂಪಾಯಿ ತೆಗೆದುಕೊಂಡರು. ಅದರ ಮೊದಲ ಪುಟದಲ್ಲಿ, 'ವಿಶಾರದರ ಸರಾಸರಿ ಮಾಸಿಕ ಆದಾಯವು ವಿಶಾರದರಲ್ಲದವರ ಆದಾಯಕ್ಕಿಂತ ಮೂರೂವರೆ ಪಟ್ಟು ಹೆಚ್ಚು' ಎಂದು ಅಚ್ಚಾಗಿತ್ತು.

"ಇಲ್ಲಿಂದ ಎಷ್ಟು ಜನ ಪಾಸಾಗಿ ಹೋಗಿದಾರೆ ಸಾರ್?"

"ಈ ವರ್ಷವೇ ಶುರು ಮಾಡ್ತಿರೋದು."

"ಮತ್ತೆ ಈ ಮೂರೂವರೆ ಪಟ್ಟು?"

"ಅದು ಅಂದಾಜು. ಅಂದಾಜು ಮಾಡೋದು ಹ್ಯಾಗೆ ಅಂತ ಎರಡನೇ ವರ್ಷದಲ್ಲಿ ಒಂದು ಪೇಪರೇ ಇದೆ."

ಭೂತಪ್ಪನವರಿಗೆ ಇದು ಸರಿಯಾಗಿಯೇ ಕಂಡಿತು.

ಪ್ರವೇಶಕ್ಕೆ ಬೇಕಾದ ಅರ್ಹತೆ ಎರಡು. ಒಂದು, ಎಸ್ಸೆಸ್ಸೆಲ್ಸಿ. ಅದನ್ನು ಭೂತಪ್ಪನವರು ಎರಡನೆಯ ಸಲಕ್ಕೆ ದಾಟಿದ್ದರು. ಇನ್ನೊಂದು, ಅಭ್ಯರ್ಥಿಯು ಯಾವುದೇ ಉದ್ಯಮ, ವ್ಯಾಪಾರ ಅಥವಾ ಕಸುಬಿನಲ್ಲಿ ತೊಡಗಿರಬಾರದು. ಉದ್ಯಮ ಮಾಡುತ್ತಿರುವವರು ಉದ್ಯಮ ಕಲಿಯಲು ಬಂದರೆ ಅವರ ಗಮನ ಪಾಠದ ಮೇಲೆ ನಿಲ್ಲುವುದಿಲ್ಲ ಎಂದು ಕೈಪಿಡಿಯಲ್ಲಿ ವಿವರಣೆ ಇತ್ತು.

ಆ ದಿನ ಸಂಜೆ ಭೂತಪ್ಪನವರು ಮನೆಗೆ ಬಂದಾಗ ಅವರ ಹೆಂಡತಿ ಕನ್ನಮ್ಮ ಅಂಗಳದಲ್ಲಿ ಕೂತು ಬಾಟಲಿ ತೊಳೆಯುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಪದವಿ ತಗಂಡ್ರೆ ಎಂತ ಸಿಗುತ್ತೆ?"

"ಸಾಲ."

"ಎಷ್ಟು?"

"ಮೂರೂವರೆ ಸಾವಿರ."

"ಪದವಿಗೆ ಎಷ್ಟಾಗುತ್ತೆ?"

ಭೂತಪ್ಪನವರು ಬಸ್ಸಿನಲ್ಲಿ ಬರುತ್ತ ಕೈಪಿಡಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದ್ದರು. ಫೀಸು ಎರಡು ವರ್ಷಕ್ಕೆ ಸಾವಿರದ ಎಂಟುನೂರು. ಸಾಗರದಲ್ಲಿ ರೂಮಿನ ಬಾಡಿಗೆ ಎಂಟುನೂರ ನಲವತ್ತು. ಊಟ ಎರಡು ಸಾವಿರದ ನೂರ ಅರವತ್ತು. ಬಸ್ಸಿಗೆ ನಾನೂರ ಇಪ್ಪತ್ತು. ಪರೀಕ್ಷೆ ಮತ್ತು ಸರ್ಟಿಫಿಕೇಟಿಗೆ ನೂರ ಎಂಬತ್ತೈದು. ಟೈ ಮತ್ತು ಬೂಟು ಕಡ್ಡಾಯವಾದ್ದರಿಂದ ತೊಂಬತ್ತೈದು.

"ಐದೂವರೆ ಸಾವಿರ" ಎಂದರು.

ಕನ್ನಮ್ಮ ಕೈಲಿದ್ದ ಬಾಟಲಿಯನ್ನು ಕೆಳಗಿಟ್ಟರು. "ಐದೂವರೆ ಕೊಟ್ಟು ಮೂರೂವರೆ ತಗಳದಾ? ಆ ಐದೂವರೇಲಿ ಮಿಷನ್ ತಗಂಡ್ರೆ ಎರಡು ಸಾವಿರ ಉಳೀತದಲ್ಲ?"

"ಹಂಗಲ್ಲ ಕಣೇ. ಸಾಲ ಆದ್ರೆ ವಾಪಸ್ ಕೊಡ್ಬೇಕು. ಪದವಿ ವಾಪಸ್ ಕೊಡ್ಬೇಕಾಗಿಲ್ಲ."

ಕನ್ನಮ್ಮ ಗಂಡನ ಮುಖ ನೋಡಿದರು. ಆಗ ಭೂತಪ್ಪನವರು ನಿಜ ಹೇಳಿದರು. ಹನ್ನೊಂದು ವರ್ಷದಲ್ಲಿ ಆ ಬಸ್ ಸ್ಟ್ಯಾಂಡಿನಲ್ಲಿ ಯಾರೂ ತನ್ನನ್ನು ಹೆಸರು ಹಿಡಿದು ಕರೆದಿಲ್ಲ. ಬಸ್ಸಿನ ಕಿಟಕಿಯಿಂದ ಕೈ ಚಾಚಿ "ಏ ಸೋಡಾ" ಎನ್ನುತ್ತಾರೆ. ಪರಿಚಯದವರೂ ಹಾಗೇ ಕರೆಯುತ್ತಾರೆ. ಹೋದ ವರ್ಷ ಮದುವೆಮನೆಯೊಂದರಲ್ಲಿ ಊಟಕ್ಕೆ ಕೂತಾಗ ಬಡಿಸುವವನು "ಸೋಡಾಕ್ಕೆ ಇನ್ನೊಂದು ಸೌಟು ಹಾಕು" ಎಂದಿದ್ದ.

"ನನಗೂ ಬೇಜಾರಾಗುತ್ತೆ" ಎಂದರು.

ಕನ್ನಮ್ಮ ಬಾಟಲಿಯನ್ನು ಮತ್ತೆ ಎತ್ತಿಕೊಂಡರು. "ಹೋಗಿ ಬನ್ನಿ. ಅಂಗಡಿ ನಾನು ನೋಡ್ಕಳ್ತೀನಿ."

ಲೈಸೆನ್ಸು ಒಂದೇ ವಾರದಲ್ಲಿ ಕನ್ನಮ್ಮನ ಹೆಸರಿಗಾಯಿತು. 'ಶ್ರೀ ಭೂತಪ್ಪ ಇವರು ಯಾವ ಕಸುಬನ್ನೂ ಮಾಡುತ್ತಿಲ್ಲ' ಎಂಬ ದೃಢೀಕರಣ ಪತ್ರವನ್ನು ಗ್ರಾಮ ಲೆಕ್ಕಿಗರು ಅಂಗಡಿಯ ಬೆಂಚಿನ ಮೇಲೆ ಕೂತೇ ಬರೆದುಕೊಟ್ಟರು. ಬರೆಯುವಾಗ ಭೂತಪ್ಪನವರು ಅವರಿಗೆ ಸೋಡಾ ಒಡೆದುಕೊಟ್ಟರು.

ಜುಲೈ ತಿಂಗಳಲ್ಲಿ ತರಗತಿಗಳು ಆರಂಭವಾದವು. ವಿದ್ಯಾರ್ಥಿಗಳು ಇಪ್ಪತ್ತೆರಡು. ಸಾಗರದ ಒಬ್ಬ ಟೈಲರು, ವರದಮೂಲದಲ್ಲಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದವರೊಬ್ಬರು, ತುಮರಿಯ ಸೈಕಲ್ ಶಾಪಿನವರು. ಈ ಮೂರನೆಯವರ ಹಾಜರಿ ಹಿನ್ನೀರು ದಾಟಿಸುವ ಲಾಂಚು ಹೊರಡುವುದರ ಮೇಲೆ ನಿಂತಿದ್ದುದರಿಂದ ಲಾಂಚು ಕೆಟ್ಟ ದಿನ ಅವರಿಗೆ 'ಅಪಾಯ ನಿರ್ವಹಣೆ' ಎಂಬ ತಲೆಬರಹದಡಿ ಪೂರ್ಣ ಹಾಜರಿ ಕೊಡಲಾಗುತ್ತಿತ್ತು. ಭೂತಪ್ಪನವರೊಬ್ಬರನ್ನು ಬಿಟ್ಟು ಎಲ್ಲರೂ ನಿಯಮದಂತೆ ತಮ್ಮ ತಮ್ಮ ಅಂಗಡಿ ಮುಚ್ಚಿ ಬಂದವರು. ಹೀಗೆ ಇಪ್ಪತ್ತೊಂದು ಉದ್ಯಮಗಳನ್ನು ನಿಲ್ಲಿಸಿ ಇಪ್ಪತ್ತೆರಡು ಉದ್ಯಮಿಗಳನ್ನು ತಯಾರಿಸುವ ಕಾರ್ಯ ಸುಗಮವಾಗಿ ಸಾಗಿತು.

ಭೂತಪ್ಪನವರ ರೂಮಿನಲ್ಲಿ ಜೊತೆಗಿದ್ದವರು ತೀರ್ಥಹಳ್ಳಿಯ ಶೇಷಪ್ಪ. ಅವರೂ ಸೋಡಾ ಅಂಗಡಿಯವರೇ. ಮುಚ್ಚಿದ ಅಂಗಡಿಯ ಮಿಷನ್ ಮನೆಯ ಜಗುಲಿಯಲ್ಲಿ ಸುಮ್ಮನೆ ಬಿದ್ದಿದೆ ಎಂದು ಅವರು ಹೇಳಿದ್ದನ್ನು ಭೂತಪ್ಪನವರು ಭಾನುವಾರ ಮನೆಗೆ ಹೋದಾಗ ಕನ್ನಮ್ಮನಿಗೆ ಹೇಳಿದರು. ಬುಧವಾರ ಕನ್ನಮ್ಮ ತೀರ್ಥಹಳ್ಳಿಗೆ ಹೋಗಿ, ಶೇಷಪ್ಪನ ಹೆಂಡತಿ ಮಾಸ್ತಮ್ಮನ ಹತ್ತಿರ ಚೌಕಾಸಿ ಮಾಡಿ, ಸಾವಿರದ ನಾನೂರಕ್ಕೆ ಮಿಷನ್ ತೆಗೆದುಕೊಂಡು ಲಾರಿಯಲ್ಲಿ ಹಾಕಿಸಿ ತಂದರು. ಯಾವ ಪದವಿ ಪಡೆದು, ಯಾವ ಸಾಲ ತಂದು, ಯಾವ ಮಿಷನ್ ಕೊಳ್ಳಬೇಕೆಂದು ಭೂತಪ್ಪನವರು ಸಾಗರಕ್ಕೆ ಹೋಗಿದ್ದರೋ ಆ ಮಿಷನ್ ಹೀಗೆ ಪದವಿಯ ಮೂರನೆಯ ತಿಂಗಳಲ್ಲಿಯೇ ಮನೆಗೆ ಬಂತು. ಆದರೆ ಫೀಸು ಕಟ್ಟಿಯಾಗಿದ್ದರಿಂದ ಅವರು ವ್ಯಾಸಂಗ ಮುಂದುವರಿಸಿದರು.

'ಧೈರ್ಯ ಮತ್ತು ಅಪಾಯ ಸ್ವೀಕಾರ' ಎಂಬ ವಿಷಯವನ್ನು ಬೋಧಿಸುತ್ತಿದ್ದವರು ಮುಕುಂದಯ್ಯನವರು. ಅವರು ಒಂದು ಖಾಯಂ ಸರ್ಕಾರಿ ಹುದ್ದೆಯಿಂದ ಎರವಲು ಸೇವೆಯ ಮೇಲೆ ಬಂದವರು. ಹಳೆಯ ಹುದ್ದೆ ಹಾಗೇ ಇತ್ತು, ಪಿಂಚಣಿ ಇತ್ತು, ಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ ಇರುತ್ತಿತ್ತು. ಒಂದು ದಿನ ಶೇಷಪ್ಪ ಎದ್ದು ನಿಂತು, "ಸಾರ್, ನೀವು ಯಾವತ್ತಾದ್ರೂ ಅಪಾಯ ತಗಂಡಿದೀರಾ?" ಎಂದು ಕೇಳಿದರು.

ಮುಕುಂದಯ್ಯನವರು ಆಲೋಚಿಸಿದರು. "ಅರವತ್ತೆಂಟನೇ ಇಸವೀಲಿ ಒಂದು ಸಲ ರಿಸರ್ವೇಶನ್ ಮಾಡಿಸದೆ ರಾತ್ರಿ ಬಸ್ಸಿಗೆ ಹೋಗಿದ್ದೆ."

"ಸೀಟು ಸಿಕ್ತಾ ಸಾರ್?"

"ಇಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಅನುಭವದಿಂದ ಮಾತಾಡ್ತೀನಿ."

ಎಲ್ಲರೂ ಬರೆದುಕೊಂಡರು. ಅದು ಪರೀಕ್ಷೆಯಲ್ಲೂ ಬಂತು, ಹತ್ತು ಅಂಕಕ್ಕೆ.

ಎರಡನೆಯ ವರ್ಷ ಪ್ರತಿಯೊಬ್ಬರೂ ನಡೆಯುತ್ತಿರುವ ಒಂದು ಉದ್ಯಮವನ್ನು ಆರಿಸಿಕೊಂಡು ಅದರ ಲಾಭನಷ್ಟದ ವರದಿ ಬರೆಯಬೇಕಿತ್ತು. ಸುತ್ತಮುತ್ತ ನಡೆಯುತ್ತಿದ್ದ ಉದ್ಯಮಗಳ ಮಾಲೀಕರು ಬಹುಪಾಲು ತರಗತಿಯಲ್ಲೇ ಕೂತಿದ್ದರಿಂದ ಇದು ಕಷ್ಟವಾಯಿತು. ಭೂತಪ್ಪನವರಿಗೆ ಮಾತ್ರ ತೊಂದರೆಯಾಗಲಿಲ್ಲ. ಅವರು 'ಹೊಸನಗರದ ಒಂದು ಸೋಡಾ ಘಟಕ: ಒಂದು ಅಧ್ಯಯನ' ಎಂಬ ವಿಷಯ ಆರಿಸಿಕೊಂಡರು, ಟೈ ಕಟ್ಟಿಕೊಂಡು ತಮ್ಮ ಮನೆಗೆ ಹೋದರು, ಹೆಂಡತಿಯ ಎದುರು ಸ್ಟೂಲ್ ಹಾಕಿಕೊಂಡು ಕೂತರು.

"ತಿಂಗಳಿಗೆ ಎಷ್ಟು ಬಾಟ್ಲಿ?"

"ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತಿರೋದು ಬೇರೆ. ನೀನು ಹೇಳಿದ್ದು ಬರೀಬೇಕು."

"ಐದು ಸಾವಿರ."

"ಬಾಟ್ಲಿಗೆ ಖರ್ಚು?"

"ಗ್ಯಾಸು, ರಬ್ಬರು, ಒಡೆದ ಬಾಟ್ಲಿ ಎಲ್ಲಾ ಸೇರಿ ಹದಿಮೂರು ಪೈಸೆ. ಮಾರೋದು ಇಪ್ಪತ್ತೈದಕ್ಕೆ."

ಭೂತಪ್ಪನವರು ಅದನ್ನು ಬರೆದುಕೊಂಡು ಸಾಗರಕ್ಕೆ ಬಂದು ಶಾಸ್ತ್ರೀಯವಾಗಿ ತಿದ್ದಿದರು. ಪ್ರತಿ ಘಟಕಕ್ಕೂ ಒಬ್ಬ ವ್ಯವಸ್ಥಾಪಕ ಇರಬೇಕೆಂದು ಪುಸ್ತಕ ಹೇಳುತ್ತಿತ್ತು. ಇಲ್ಲಿ ಇಲ್ಲ, ಆದರೂ ಇರಬೇಕಾದ್ದರಿಂದ ಅವನ ಸಂಬಳ ತಿಂಗಳಿಗೆ ಐನೂರು ಹಿಡಿದರು. ಕನ್ನಮ್ಮನ ಕೂಲಿ ಮುನ್ನೂರು. ಸ್ವಂತ ಜಾಗಕ್ಕೆ ತಾವೇ ಕೊಟ್ಟುಕೊಳ್ಳಬೇಕಾದ ಬಾಡಿಗೆ ನೂರೈವತ್ತು. ಮಾಡದ ಜಾಹೀರಾತಿಗೆ ಇನ್ನೂರು. ಸವಕಳಿ ಮತ್ತು ಬಡ್ಡಿ ನೂರೈವತ್ತು, ಅನಿರೀಕ್ಷಿತ ಘಟನೆಗಳಿಗೆ ನೂರು. ಭಾಗಿಸಿದಾಗ ಒಂದು ಸೋಡಾಕ್ಕೆ ಬೀಳುವ ಖರ್ಚು ನಲವತ್ತೊಂದು ಪೈಸೆ ಎಂದು ಬಂತು.

ಮುಂದಿನ ಭಾನುವಾರ ಅವರು ಗಾಬರಿಯಿಂದ ಮನೆಗೆ ಬಂದರು.

"ಕನ್ನಮ್ಮ, ನಿನಗೆ ಬಾಟ್ಲಿಗೆ ಹದಿನಾರು ಪೈಸೆ ನಷ್ಟ ಆಗ್ತಾ ಇದೆ. ತಿಂಗಳಿಗೆ ಎಂಟುನೂರು ರೂಪಾಯಿ."

ಕನ್ನಮ್ಮ ಕಪಾಟಿನಿಂದ ಬಿಸ್ಕತ್ತಿನ ಡಬ್ಬ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದರು. ಅದರಲ್ಲಿ ನೋಟುಗಳು ಇದ್ದವು. "ಹಂಗಾರೆ ಇದು ಯಾರ ದುಡ್ಡು?"

ಭೂತಪ್ಪನವರು ಡಬ್ಬವನ್ನೂ ತಮ್ಮ ವರದಿಯನ್ನೂ ಒಂದಾದ ಮೇಲೊಂದು ನೋಡಿದರು. "ಗೊತ್ತಿಲ್ಲ" ಎಂದರು. "ಲೆಕ್ಕದ ಪ್ರಕಾರ ಇದು ಇಲ್ಲಿ ಇರಬಾರದು."

"ಇದರಲ್ಲೇ ನಿಮ್ಮ ಫೀಸು ಕಟ್ಟಿದ್ದು."

"ಅದು ಇನ್ನೂ ಗಂಭೀರ ವಿಷಯ" ಎಂದರು ಭೂತಪ್ಪನವರು. "ನಷ್ಟದಲ್ಲಿರೋ ಘಟಕದಿಂದ ಹಣ ಹೊರಗೆ ಹೋಗಬಾರದು." ವರದಿಯಲ್ಲಿ ಅದಕ್ಕೆ ಒಂದು ಅಡಿಟಿಪ್ಪಣಿ ಸೇರಿಸಿದರು. ತೀರ್ಥಹಳ್ಳಿಯಿಂದ ತಂದ ಮಿಷನ್ನಿನ ಬಗ್ಗೆ 'ಯೋಜನೆಯಿಲ್ಲದ ವಿಸ್ತರಣೆ' ಎಂದು ಒಂದು ಅಧ್ಯಾಯವನ್ನೇ ಬರೆದರು.

ವರದಿಗೆ ನೂರಕ್ಕೆ ತೊಂಬತ್ತಾರು ಅಂಕ ಬಂತು. ನಡೆಯುತ್ತಿರುವ ಒಂದು ಅಂಗಡಿಯನ್ನು ಇಷ್ಟು ಸ್ಪಷ್ಟವಾಗಿ ಮುಳುಗಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ ಎಂದು ಮುಕುಂದಯ್ಯನವರು ಷರಾ ಬರೆದರು. ೧೯೮೧ರ ಜೂನ್‌ನಲ್ಲಿ ಭೂತಪ್ಪನವರು ಪ್ರಥಮ ಸ್ಥಾನದಲ್ಲಿ ತೇರ್ಗಡೆಯಾಗಿ ಉದ್ಯಮ ವಿಶಾರದರಾದರು. ಘಟಿಕೋತ್ಸವದ ದಿನ ಕನ್ನಮ್ಮ ಅಂಗಡಿಗೆ ಬೀಗ ಹಾಕಿ ಸಾಗರಕ್ಕೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಗಂಡನ ಹೆಸರು ಮೈಕಿನಲ್ಲಿ ಪೂರ್ತಿಯಾಗಿ ಕೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಭೂತಪ್ಪನವರು ಟೈ ಕಟ್ಟಿಕೊಂಡು ಮಂಡಳಿಯ ಕಚೇರಿಗೆ ಹೋದರು. ಜಯಪ್ಪನವರು ಎದ್ದು ನಿಂತು ಕೈ ಕುಲುಕಿದರು.

"ಬನ್ನಿ ವಿಶಾರದರೇ, ಕೂತ್ಕಳಿ. ಈಗ ನೀವು ಉದ್ಯಮಿ. ಉದ್ಯಮ ಯಾವುದು?"

"ಸೋಡಾ ಅಂಗಡಿ ಸಾರ್."

"ಯಾರ ಹೆಸರಲ್ಲಿದೆ?"

"ಮನೆಯವಳ ಹೆಸರಲ್ಲಿ."

"ಅವರು ವಿಶಾರದರಾ?"

"ಅಲ್ಲ ಸಾರ್."

ಜಯಪ್ಪನವರು ನಿಜವಾಗಿಯೂ ಸಂಕಟಪಟ್ಟರು. "ನೋಡಿ, ನೀವು ಉದ್ಯಮಿ, ಆದ್ರೆ ನಿಮಗೆ ಉದ್ಯಮ ಇಲ್ಲ. ಅವರಿಗೆ ಉದ್ಯಮ ಇದೆ, ಆದ್ರೆ ಅವರು ಉದ್ಯಮಿ ಅಲ್ಲ. ಇಬ್ಬರಿಗೂ ಸಾಲ ಕೊಡೋಕೆ ಬರಲ್ಲ."

"ಲೈಸೆನ್ಸು ಮತ್ತೆ ನನ್ನ ಹೆಸರಿಗೆ ಮಾಡಿಸ್ಕಂಡ್ರೆ?"

"ನಷ್ಟದಲ್ಲಿರೋ ಅಂಗಡೀನ ಗೊತ್ತಿದ್ದೂ ವಹಿಸ್ಕಳೋರು ಎಂಥ ವಿಶಾರದರು ಅಂತ ಆಡಿಟ್‌ನೋರು ಕೇಳ್ತಾರೆ. ನಿಮ್ಮ ವರದಿ ಓದಿದೀನಿ. ಬಹಳ ಚೆನ್ನಾಗಿದೆ. ಮೇಲೆ ಕಳಿಸಿದೀನಿ."

ಮೇಲೆ ಹೋದ ವರದಿ ಸೆಪ್ಟೆಂಬರಿನಲ್ಲಿ ಕೆಳಗೆ ಬಂತು, ಒಂದು ನೋಟೀಸಿನ ರೂಪದಲ್ಲಿ.

'ಶ್ರೀಮತಿ ಕನ್ನಮ್ಮ ಕೋಂ ಭೂತಪ್ಪ, ಸೋಡಾ ಘಟಕ, ಹೊಸನಗರ, ಇವರಿಗೆ. ಅರ್ಹ ವಿಶಾರದರ ಅಧ್ಯಯನದಿಂದ ತಮ್ಮ ಘಟಕವು ಎರಡು ವರ್ಷಗಳಿಂದ ನಷ್ಟದಲ್ಲಿದ್ದು, ತಾವು ಈ ಸಂಗತಿಯನ್ನು ಮಂಡಳಿಗೂ ಗ್ರಾಹಕರಿಗೂ ತಿಳಿಸದೆ ಸೋಡಾ ಮಾರುತ್ತಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಸದರಿ ಘಟಕವನ್ನು ರೋಗಗ್ರಸ್ತ ಘಟಕವೆಂದು ಘೋಷಿಸಲಾಗಿದೆ. ಮೂವತ್ತು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸದಿದ್ದಲ್ಲಿ ಘಟಕಕ್ಕೆ ಮೊಹರು ಹಾಕಲಾಗುವುದು.'

ನೋಟೀಸನ್ನು ಓದಿ ಹೇಳಿದವರು ಅರ್ಹ ವಿಶಾರದರೇ.

"ಯಾರಿಗೆ ರೋಗ?" ಎಂದು ಕನ್ನಮ್ಮ ಕೇಳಿದರು.

"ಅಂಗಡಿಗೆ."

"ಬರ್ಸಿದ್ದು ಯಾರು?"

ಭೂತಪ್ಪನವರು ತಲೆ ತಗ್ಗಿಸಿದರು. ಕನ್ನಮ್ಮ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಅಂಗಡಿಯಲ್ಲಿ ಮಾತ್ರ ಬಾಟಲಿಗಳು ಎಂದಿನಂತೆ ಸದ್ದು ಮಾಡುತ್ತಿದ್ದವು. ಮೂರನೆಯ ದಿನ ಬೆಳಿಗ್ಗೆ ಕನ್ನಮ್ಮ ಒಳ್ಳೆಯ ಸೀರೆ ಉಟ್ಟು, ಬಿಸ್ಕತ್ತಿನ ಡಬ್ಬವನ್ನು ಚೀಲದಲ್ಲಿ ಹಾಕಿಕೊಂಡು, "ಏಳಿ, ಸಾಗರಕ್ಕೆ ಹೋಗಣ" ಎಂದರು.

ಕಚೇರಿಯಲ್ಲಿ ಅವರು ಡಬ್ಬವನ್ನು ಜಯಪ್ಪನವರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. "ನೋಡಿ ಸಾರ್. ನಷ್ಟ ಎಲ್ಲಿದೆ?"

ಜಯಪ್ಪನವರು ಡಬ್ಬದೊಳಗೆ ಇಣುಕಿ ನೋಡಿದರು. "ದುಡ್ಡು ಇದೆಯಮ್ಮ. ಇಲ್ಲ ಅನ್ನಲ್ಲ. ಆದ್ರೆ ದುಡ್ಡು ಇರೋದು ಬೇರೆ, ಲಾಭ ಇರೋದು ಬೇರೆ. ಲಾಭ ಇದೆ ಅಂತ ಒಬ್ಬ ವಿಶಾರದರು ಬರೆದು ಸಹಿ ಮಾಡ್ಬೇಕು."

"ಇವರೇ ಇದಾರಲ್ಲ, ಮಾಡ್ತಾರೆ."

"ಮಾಡಬಹುದು. ಹೊಸನಗರ ತಾಲೂಕಿಗೆ ಇರೋ ವಿಶಾರದರು ಇವರೊಬ್ಬರೇ. ಆದ್ರೆ ಇವರೇ ಮೊದಲು ನಷ್ಟ ಅಂತ ಬರೆದಿದಾರೆ. ಈಗ ಲಾಭ ಅಂದ್ರೆ ಮೊದಲಿನ ವರದಿ ಸುಳ್ಳು ಅಂತಾಗುತ್ತೆ. ವರದಿ ಸುಳ್ಳಾದ್ರೆ ಪದವಿ ರದ್ದು. ಪದವಿ ರದ್ದಾದ್ರೆ ಇವರು ವಿಶಾರದರಲ್ಲ. ವಿಶಾರದರಲ್ಲದವರ ಸಹಿ ನಡೆಯಲ್ಲ."

ಭೂತಪ್ಪನವರು ಕತ್ತಿನ ಟೈ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟರು.

"ಪದವಿ ಹೋಗ್ಲಿ ಸಾರ್" ಎಂದರು. "ಅಂಗಡಿಗೆ ಮಾತ್ರ ಬೀಗ ಹಾಕ್ಬೇಡಿ. ಈ ಎರಡು ವರ್ಷ ಅವಳೊಬ್ಬಳೇ ತಿರುಗಿಸಿದ್ದು ಆ ಮಿಷನ್ನ. ನನ್ನನ್ನ ಜನ ಮತ್ತೆ ಸೋಡಾ ಅಂತ್ಲೇ ಕರೀಲಿ, ಅಡ್ಡಿಲ್ಲ."

ಕನ್ನಮ್ಮ ಗಂಡನ ಕಡೆ ತಿರುಗಿ ನೋಡಿದರು. ಎರಡು ದಿನದಿಂದ ಬಿಗಿದಿದ್ದ ಅವರ ಮುಖ ಸಡಿಲವಾಯಿತು.

ಜಯಪ್ಪನವರು ಮನುಷ್ಯತ್ವ ಇದ್ದವರು. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ಪದವಿ ರದ್ದು ಮಾಡಿಸೋಕೆ ಮೂರು ವರ್ಷ ಬೇಕು, ಆರುನೂರು ರೂಪಾಯಿ ಶುಲ್ಕ ಬೇರೆ. ಅದರ ಬದಲು ಒಂದು ದಾರಿ ಇದೆ. ರೋಗ ಇಲ್ಲ ಅಂತ ನೀವು ಯಾಕೆ ವಾದ ಮಾಡ್ತೀರಿ? ಇದೆ ಅಂತ ಒಪ್ಕಳಿ. ರೋಗಗ್ರಸ್ತ ಘಟಕಗಳ ಪುನಶ್ಚೇತನ ಯೋಜನೆ ಅಂತ ಒಂದು ಇದೆ. ಒಪ್ಪಿಕೊಂಡ ಘಟಕಕ್ಕೆ ಮೊಹರು ಹಾಕೋ ಹಾಗಿಲ್ಲ. ಅದಕ್ಕೊಬ್ಬ ಸಲಹೆಗಾರರನ್ನ ನೇಮಿಸಬೇಕು. ಸಲಹೆಗಾರರು ವಿಶಾರದರೇ ಆಗಿರಬೇಕು, ಅದೇ ತಾಲೂಕಿನವರಾಗಿರಬೇಕು. ಸಂಬಳ ಮಂಡಳಿಯಿಂದ, ತಿಂಗಳಿಗೆ ಇನ್ನೂರ ಎಪ್ಪತ್ತೈದು."

"ಎಷ್ಟು ದಿನ?" ಎಂದರು ಕನ್ನಮ್ಮ.

"ರೋಗ ಇರೋವರೆಗೂ."

ಕನ್ನಮ್ಮ ಡಬ್ಬದ ಮುಚ್ಚಳ ಹಾಕಿದರು. "ಕಾಯಿಲೆ ಇದೆ ಅಂತ ಬರ್ಕಳಿ ಸಾರ್."

೧೯೮೨ರ ಜನವರಿ ಒಂದರಂದು ಭೂತಪ್ಪನವರು ಸಲಹೆಗಾರರಾಗಿ ಅಧಿಕಾರ ವಹಿಸಿಕೊಂಡರು. ಅಂಗಡಿಯ ಪಕ್ಕದಲ್ಲಿ ಒಂದು ಮೇಜು, ಒಂದು ಕುರ್ಚಿ, 'ಉದ್ಯಮ ವಿಶಾರದ ಭೂತಪ್ಪ' ಎಂದು ಬರೆದ ಒಂದು ಬೋರ್ಡು ಬಂದವು. ಯೋಜನೆಯ ಷರತ್ತಿನಂತೆ ಸಲಹೆಗಾರರು ಬಾಟಲಿ, ಮಿಷನ್, ಗ್ರಾಹಕ ಈ ಮೂರನ್ನೂ ಮುಟ್ಟುವಂತಿರಲಿಲ್ಲ. ದಿನಕ್ಕೊಂದು ಸಲಹೆಯನ್ನು ಬರಹದಲ್ಲಿ ಕೊಡಬೇಕಿತ್ತು. ಕನ್ನಮ್ಮ ಅದನ್ನು ಪಡೆದುಕೊಂಡದ್ದಕ್ಕೆ ಸಹಿ ಹಾಕಿ ಡಬ್ಬದ ಕೆಳಗಿಡುತ್ತಿದ್ದರು. ಕಂಡಕ್ಟರುಗಳು "ವಿಶಾರದ್ರೇ, ನಮಸ್ಕಾರ" ಎನ್ನತೊಡಗಿದರು. ಮದುವೆಮನೆಗಳಲ್ಲಿ ಎರಡನೆಯ ಸೌಟನ್ನು ಕೇಳದೆಯೇ ಹಾಕುತ್ತಿದ್ದರು.

ಒಂದೇ ಒಂದು ಸಲ, ಮೊದಲ ಬೇಸಿಗೆಯಲ್ಲಿ, ಎರಡು ಮೂರು ಬಸ್ಸು ಒಟ್ಟಿಗೆ ಬಂದು ಜನ ಮುತ್ತಿಕೊಂಡಾಗ ಅವರಿಗೆ ಕೂರಲಾಗಲಿಲ್ಲ. ಎದ್ದು ಒಂದು ಬಾಟಲಿ ಎತ್ತಿಕೊಂಡು ಹೆಬ್ಬೆರಳಿನಿಂದ ಗೋಲಿಯನ್ನು ಒಳಗೊತ್ತಿದರು. 'ಕೀಂಯ್' ಎಂದು ಸದ್ದು ಬಂತು. ಅವರ ಮುಖ ಅರಳಿತು.

"ಕೂತ್ಕಳಿ" ಎಂದರು ಕನ್ನಮ್ಮ ಮೆಲ್ಲಗೆ. "ಸಂಬಳ ಹೋಗುತ್ತೆ."

ಭೂತಪ್ಪನವರು ಕೂತರು. ಹೆಬ್ಬೆರಳನ್ನು ಸ್ವಲ್ಪ ಹೊತ್ತು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಆ ದಿನದ ಸಲಹೆ ಬರೆದರು: 'ಜನ ಕಡಿಮೆ ಇರುವಾಗ ಹೆಚ್ಚು ಮಾರುವುದು ಒಳ್ಳೆಯದು.'

ಇಪ್ಪತ್ತನೆಯ ತಿಂಗಳ ಸಂಬಳ ಬಂದ ದಿನ ಅವರು ಪದವಿಯ ಲಾಭನಷ್ಟದ ಅಂತಿಮ ಲೆಕ್ಕ ಮಾಡಿದರು. ಇನ್ನೂರ ಎಪ್ಪತ್ತೈದನ್ನು ಇಪ್ಪತ್ತರಿಂದ ಗುಣಿಸಿದರೆ ಸರಿಯಾಗಿ ಐದೂವರೆ ಸಾವಿರ.

"ಪದವಿಗೆ ಹಾಕಿದ್ದು ಪೈಸೆ ಬಿಡದೆ ವಾಪಸ್ ಬಂತು ಕಣೇ. ನಾಳೆಯಿಂದ ಬರೋದೆಲ್ಲಾ ಲಾಭ."

ಕನ್ನಮ್ಮ ಕಾಗದ ತೆಗೆದುಕೊಂಡು ನೋಡಿದರು. ಅವರಿಗೆ ಅಂಕಿಗಳು ಓದಲು ಬರುತ್ತಿದ್ದವು. "ಎರಡು ವರ್ಷ ನಾನೊಬ್ಳೇ ದುಡಿದಿದ್ದು ಎಲ್ಲಿ ಹಾಕಿದ್ರಿ?"

"ಅದು ಖರ್ಚಲ್ಲ. ಸಂಸಾರ."

"ನಿಮ್ಮ ವರದೀಲಿ ನನ್ನ ಕೂಲಿ ಅಂತ ತಿಂಗಳಿಗೆ ಮುನ್ನೂರು ಹಾಕಿದ್ರಲ್ಲ?"

"ಅದು ನಷ್ಟ ತೋರ್ಸೋ ಲೆಕ್ಕ. ಇದು ಲಾಭ ತೋರ್ಸೋ ಲೆಕ್ಕ."

ಕನ್ನಮ್ಮ ನಕ್ಕುಬಿಟ್ಟರು. ಎಷ್ಟು ನಕ್ಕರೆಂದರೆ ಭೂತಪ್ಪನವರಿಗೂ ಕೊನೆಗೆ ನಗು ಬಂತು. ವಿದ್ಯಾಪೀಠದವರು ನಗಲಿಲ್ಲ. ಅವರು ಆ ಲೆಕ್ಕವನ್ನು ಮುಂದಿನ ಕೈಪಿಡಿಯಲ್ಲಿ ಭೂತಪ್ಪನವರ ಭಾವಚಿತ್ರದೊಂದಿಗೆ ಅಚ್ಚು ಮಾಡಿಸಿ, ಫೀಸನ್ನು ಒಂದೂವರೆ ಪಟ್ಟು ಮಾಡಿದರು. ಆ ವರ್ಷ ಅರ್ಜಿ ಹಾಕಲು ಮೂರು ತಾಲೂಕುಗಳಲ್ಲಿ ನೂರ ಹದಿನಾಲ್ಕು ಅಂಗಡಿಗಳು ಮುಚ್ಚಿದವು. ತೀರ್ಥಹಳ್ಳಿಯ ಶೇಷಪ್ಪನವರಿಗೆ ರೋಗಗ್ರಸ್ತ ಘಟಕ ಸಿಗದೆ ತೊಂದರೆಯಾಗಿತ್ತು. ಅವರು ಮಾಸ್ತಮ್ಮನ ಹೆಸರಿನಲ್ಲಿ ಒಂದು ಅಂಗಡಿ ಇಡಿಸಿ ಅದು ಕಾಯಿಲೆ ಬೀಳುವುದನ್ನು ಕಾಯುತ್ತಿದ್ದರು.

ರೋಗವು ಮುಂದುವರಿದಿದೆಯೇ ಎಂದು ವರ್ಷಕ್ಕೊಮ್ಮೆ ತಪಾಸಣೆ ಇರುತ್ತಿತ್ತು. ೧೯೮೫ರ ಏಪ್ರಿಲ್‌ನಲ್ಲಿ ಜಯಪ್ಪನವರು ಜೀಪಿನಲ್ಲಿ ಬಂದು ಇಳಿದಾಗ ಬಿಸಿಲು ಕಾದ ಹೆಂಚಿನ ಹಾಗಿತ್ತು. ಕನ್ನಮ್ಮ ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿನ ತುಂಬ ಹೇಳಿಕೊಂಡು ಬಂದಿದ್ದರು. ಕಂಡಕ್ಟರುಗಳು ಬಸ್ಸು ನಿಲ್ಲುತ್ತಿದ್ದಂತೆ, "ಇವತ್ತು ಇಲ್ಲಿ ತಪಾಸಣೆ ಇದೆ, ಯಾರಿಗೂ ಬಾಯಾರಿಕೆ ಆಗೋ ಹಾಗಿಲ್ಲ" ಎಂದು ಸಾರುತ್ತಿದ್ದರು. ಜನ ಸಹಕರಿಸಿದರು. ಎಪ್ಪತ್ತು ವರ್ಷದ ಒಬ್ಬ ಅಜ್ಜಿ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ, "ನಂಗೆ ಏನೂ ಬ್ಯಾಡಪ್ಪ" ಎಂದು ಜಯಪ್ಪನವರಿಗೆ ಕೇಳುವಂತೆ ಮೂರು ಸಲ ಹೇಳಿದರು.

ಜಯಪ್ಪನವರು ಎರಡು ಗಂಟೆ ಕೂತು ನೋಡಿದರು. ಒಂದು ಬಾಟಲಿಯೂ ಖರ್ಚಾಗಲಿಲ್ಲ. ಬೇಡಿಕೆ ಇಲ್ಲ ಎಂದು ಬರೆದುಕೊಂಡರು. ಬರೆದು ಕರ್ಚೀಫಿನಿಂದ ಕತ್ತು ಒರೆಸಿಕೊಂಡು ಸೋಡಾದ ಕಡೆ ನೋಡಿದರು.

"ಒಂದು ಕೊಡ್ಲಾ ಸಾರ್?" ಎಂದರು ಕನ್ನಮ್ಮ.

"ಬ್ಯಾಡಮ್ಮ. ನಾನು ತಗಂಡ್ರೆ ಅದು ಬೇಡಿಕೆ ಆಗ್ಬಿಡುತ್ತೆ. ಇಷ್ಟು ಹೊತ್ತು ಕೂತಿದ್ದು ವ್ಯರ್ಥ."

ಆಗ ಸಲಹೆಗಾರರು ಎದ್ದು ನಿಂತರು. ಮೂರು ವರ್ಷಗಳಲ್ಲಿ ಅವರು ಕೊಟ್ಟ ಸಲಹೆಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ. "ದುಡ್ಡು ಕೊಟ್ರೆ ಬೇಡಿಕೆ ಸಾರ್. ಕೊಡದೆ ಕುಡಿದ್ರೆ ನಷ್ಟ."

ಜಯಪ್ಪನವರು ಅವರನ್ನು ಮೆಚ್ಚುಗೆಯಿಂದ ನೋಡಿದರು. "ಓದಿದವರು ಓದಿದವರೇ" ಎಂದರು. ಮೂರು ಸೋಡಾ ಕುಡಿದರು. ಮೂರನ್ನೂ ನಷ್ಟದ ಕಲಮಿನಲ್ಲಿ ತಮ್ಮ ಕೈಯಾರೆ ಬರೆದು, ಘಟಕದ ಸ್ಥಿತಿ ಗಂಭೀರವಾಗಿದ್ದು ಪ್ರತಿವರ್ಷ ಬಂದು ನೋಡುವ ಅಗತ್ಯವಿಲ್ಲವೆಂದೂ ದೀರ್ಘಾವಧಿ ಮಾನ್ಯತೆ ಕೊಡಬಹುದೆಂದೂ ಶಿಫಾರಸು ಮಾಡಿದರು. ಡ್ರೈವರ್ ಕೂಡ ಎರಡು ನಷ್ಟ ಮಾಡಿದ.

ಮೇ ತಿಂಗಳ ಕೊನೆಯಲ್ಲಿ ಆದೇಶ ಬಂತು. ಘಟಕವು ಐದು ವರ್ಷಗಳವರೆಗೆ ರೋಗಗ್ರಸ್ತವಾಗಿರಲು ಮಂಜೂರಾತಿ ದೊರೆತಿತ್ತು. ಕನ್ನಮ್ಮ ಅಂದು ಎರಡು ಕ್ರೇಟು ಹೆಚ್ಚು ಸೋಡಾ ಮಾಡಿ, ಬಸ್ ಸ್ಟ್ಯಾಂಡಿನವರಿಗೆಲ್ಲ ಲಾಡು ಹಂಚಿದರು. ಭೂತಪ್ಪನವರು ಹೊಸ ಟೈ ಕಟ್ಟಿಕೊಂಡು ಎಲ್ಲರ ನಮಸ್ಕಾರ ಸ್ವೀಕರಿಸಿದರು.

ಅರಳಸುರಳಿಯ ಕಡೆಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ಪ್ರಯಾಣಿಕರೊಬ್ಬರು ಕೈಗೆ ಬಂದ ಲಾಡನ್ನು ನೋಡಿ, "ಇದು ಎಂತಕ್ಕೆ?" ಎಂದು ಕಂಡಕ್ಟರನ್ನು ಕೇಳಿದರು.

"ಅಂಗಡಿಗೆ ಕಾಯಿಲೆ ಅಂತ ಬರೆದುಕೊಟ್ಟಿದಾರೆ. ಐದು ವರ್ಷಕ್ಕೆ."

"ಐದು ವರ್ಷಕ್ಕಾ!" ಎಂದು ಪ್ರಯಾಣಿಕರು ಹುಬ್ಬೇರಿಸಿದರು. "ಪುಣ್ಯ ಮಾಡಿದಾರೆ ಮಾರಾಯ್ರೆ. ನಮ್ಮ ಕಡೆ ಎರಡು ವರ್ಷದ ಮೇಲೆ ಕೊಡೋದೇ ಇಲ್ಲ."